ವಾರ್ತೆ ಮುಗಿದರೆ ಪಾವಗಡದ ಬಸ್ಸು

ನನ್ನ ಫೋನಿಗೆ ಹೊಟ್ಟೆ ತುಂಬಿಹೋಗಿದೆಯಂತೆ. ಎರಡು ವಾರದಿಂದ ದಿನಕ್ಕೆ ನಾಲ್ಕು ಸಲ ಅದೇ ರಾಗ: ಜಾಗವಿಲ್ಲ, ಏನಾದರೂ ಅಳಿಸು. ಅಳಿಸುವುದಕ್ಕೆ ನನ್ನಲ್ಲಿ ಬರವೇ? ಶುಭೋದಯ ಹೇಳುವ ಗುಲಾಬಿ ಹೂಗಳು, ಮೆಂತ್ಯ ನುಂಗಿದರೆ ಮಂಡಿನೋವು ಮಾಯ ಎನ್ನುವ ವಿಡಿಯೋಗಳು, ಯಾರದೋ ಮೊಮ್ಮಗನಿಗೆ ಕಿವಿ ಚುಚ್ಚಿಸಿದ ಫೋಟೋಗಳು. ಮೊನ್ನೆ ಬೆಳಿಗ್ಗೆ ನಮ್ಮನೆಯವರೂ ನಾನೂ ಜಗಲಿಯ ಮೇಲೆ ಕೂತು ಹಬ್ಬಕ್ಕೆ ಅಟ್ಟ ಗುಡಿಸುವಂತೆ ಒಂದೊಂದಾಗಿ ತೆಗೆಯುತ್ತಾ ಬಂದೆವು. ಕೊನೆಗೆ ಒಂದು ಫೈಲು ಬಂತು. ಹೆಸರಿಲ್ಲ, ಬರೀ ಅಂಕಿಗಳು, ಹತ್ತು ನಿಮಿಷ ಚಿಲ್ಲರೆ.

"ಇದ್ಯಾವುದೇ ಇದು? ಸುಮ್ಮನೆ ಜಾಗ ತಿಂತಾ ಕೂತಿದೆ, ತೆಗೆದುಹಾಕು" ಎಂದರು ನಮ್ಮನೆಯವರು.

ನಾನು ಫೋನನ್ನು ಅವರ ಕೈಯಿಂದ ಕಿತ್ತುಕೊಂಡೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಕೈಯಿಂದ ನಾನು ಏನನ್ನೂ ಹಾಗೆ ಕಿತ್ತುಕೊಂಡವಳಲ್ಲ. ಅವರಿಗೂ ಆಗ ಹೊಳೆಯಿತು. ಕನ್ನಡಕ ತೆಗೆದು ಒರೆಸಿಕೊಂಡು, "ಇರಲಿ ಬಿಡು, ನನ್ನ ಫೋಟೋಗಳನ್ನೇ ತೆಗಿ" ಎಂದು ಎದ್ದುಹೋದರು.

ಅದು ಒಂದು ಬೆಳಗಿನ ರೇಡಿಯೋ ವಾರ್ತೆ. ಹೋದ ವರ್ಷದ್ದು. ನಿನ್ನೆಯ ಪೇಪರಾದರೆ ಬೋಂಡಾ ಕಟ್ಟುವುದಕ್ಕಾದರೂ ಆದೀತು, ಹೋದ ವರ್ಷದ ವಾರ್ತೆಯನ್ನು ಇಟ್ಟುಕೊಂಡು ಇವಳೇನು ಮಾಡುತ್ತಾಳೆ ಎಂದು ನಿಮಗೂ ಅನ್ನಿಸಬಹುದು. ಹೇಳುತ್ತೇನೆ. ಆದರೆ ಅದಕ್ಕೆ ನೀವು ನನ್ನ ಜೊತೆ ಮಧುಗಿರಿಯ ಹಳೆಯ ಪ್ರೈವೇಟ್ ಬಸ್ ಸ್ಟ್ಯಾಂಡಿಗೆ ಬರಬೇಕು.

ನಮ್ಮಪ್ಪ ಅಲ್ಲಿ ಟೈಂ ಕೀಪರ್ ಆಗಿದ್ದ. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಡಬೇಕು ಎಂದು ಬರೆದುಕೊಂಡು ಬಸ್ಸು ಬಿಡುವ ಕೆಲಸ. ಊರಿನಲ್ಲಿ ಯಾರೂ ಅವನನ್ನು ಬರೀ ರಂಗಪ್ಪ ಎಂದಿದ್ದನ್ನು ನಾನು ಕೇಳಿಲ್ಲ, ಟೈಂ ರಂಗಪ್ಪ ಎಂದೇ ಹೆಸರು. ತಗಡಿನ ಮಾಡಿನ ಒಂದು ಗೂಡು, ಕಾಲು ಅಲ್ಲಾಡುವ ಮೇಜು, ಮೇಜಿನ ಮೇಲೆ ಒಂದು ರಿಜಿಸ್ಟರು, ಒಂದು ಸೀಟಿ, ಚರ್ಮದ ಅಂಗಿ ತೊಟ್ಟ ಒಂದು ರೇಡಿಯೋ. ಬಸ್ಸಿನ ವ್ಯಾಪಾರದಲ್ಲಿ ಒಂದು ನಿಮಿಷ ಎಂದರೆ ಹತ್ತು ಜನ ಪ್ಯಾಸೆಂಜರು. ಹಿಂದಿನ ಬಸ್ಸಿಗೆ ಸೇರಬೇಕಾದ ಹತ್ತು ಜನ ಮುಂದಿನ ಬಸ್ಸಿಗೆ ಹತ್ತಿಬಿಟ್ಟರೆ ಅವತ್ತು ಎರಡು ಬಸ್ಸಿನವರೂ ಕೊರಳಪಟ್ಟಿ ಹಿಡಿದುಕೊಳ್ಳುವುದು ಖಂಡಿತ. ಗಡಿಯಾರ ನೋಡಿ ಬಗೆಹರಿಸೋಣವೆಂದರೆ ಕೊರಟಗೆರೆಯವನ ಗಡಿಯಾರ ಎರಡು ನಿಮಿಷ ಮುಂದೆ, ಶಿರಾದವನದು ಮೂರು ನಿಮಿಷ ಹಿಂದೆ. ಪ್ರತಿಯೊಬ್ಬನ ಗಡಿಯಾರವೂ ಅವನವನ ಬಸ್ಸಿನ ಪರವಾಗಿಯೇ ನಡೆಯುತ್ತಿತ್ತು.

ಅದಕ್ಕೆ ಅಪ್ಪ ಒಂದು ಪದ್ಧತಿ ಮಾಡಿದ. ಬೆಳಿಗ್ಗೆ ಏಳು ಐದಕ್ಕೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಶುರುವಾಗುತ್ತಿತ್ತು. ಏಳು ಹದಿನೈದಕ್ಕೆ ಮುಗಿಯುತ್ತಿತ್ತು. ಪಾವಗಡದ ಮೊದಲ ಬಸ್ಸು ಹೊರಡುವ ಹೊತ್ತೂ ಅದೇ. ಕೊನೆಗೆ ಮುಖ್ಯಾಂಶಗಳನ್ನು ಮತ್ತೊಮ್ಮೆ ಓದಲು ಶುರುಮಾಡಿದರೆ ಡ್ರೈವರು ಇಂಜಿನ್ ಸ್ಟಾರ್ಟ್ ಮಾಡಬೇಕು. "ಇಲ್ಲಿಗೆ ವಾರ್ತೆಗಳು ಮುಗಿದವು" ಎಂದ ತಕ್ಷಣ ಅಪ್ಪ ಸೀಟಿ ಊದಿ, "ರೈಟ್. ಹೋಗ್ಲಿ" ಎನ್ನುತ್ತಿದ್ದ. ಬಸ್ಸು ಹೊರಡಬೇಕು. ಐದು ನಿಮಿಷದ ಮೇಲೆ ಅದೇ ದಾರಿಯಲ್ಲಿ ಇನ್ನೊಬ್ಬ ಮಾಲೀಕರ ಬಸ್ಸು. ಆ ಬಸ್ಸಿನವರು ಕೂಡ ಗೂಡಿನ ಮುಂದೆ ಕೈಕಟ್ಟಿಕೊಂಡು ನಿಂತು ವಾರ್ತೆ ಕೇಳುತ್ತಿದ್ದರು. ಮಂತ್ರಿಗಳು ಏನು ಹೇಳಿದರು ಎಂಬುದು ಅವರಿಗೆ ಬೇಕಾಗಿರಲಿಲ್ಲ, ಅವರು ಮುಗಿಸಿದರೆ ಸಾಕಾಗಿತ್ತು. ರೇಡಿಯೋದ ಟೈಮಿಗೆ ಎದುರು ಮಾತಾಡುವ ಗಂಡಸು ಆ ಸ್ಟ್ಯಾಂಡಿನಲ್ಲಿ ಹುಟ್ಟಿರಲಿಲ್ಲ.

ಬಸ್ಸಿನೊಳಗಿನವರೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳುತ್ತಿದ್ದರು. ಅರ್ಧ ಕೇಳಿದ್ದನ್ನು ಪಕ್ಕದವರಿಗೆ ಪೂರ್ತಿ ಮಾಡಿ ಹೇಳುತ್ತಿದ್ದರು. ಹಾಗಾಗಿ ಅಂದಿನ ವಾರ್ತೆ ಪಾವಗಡದ ಕಡೆಗೆ ಗಾಳಿಯಲ್ಲಿ ಹೋಗುವುದಕ್ಕಿಂತ ಬಸ್ಸಿನಲ್ಲಿ ಹೋಗುತ್ತಿದ್ದದ್ದೇ ಹೆಚ್ಚು. ಅದನ್ನು ಹೊತ್ತುಕೊಂಡು ಹೋಗುತ್ತಿದ್ದವನು ಕಂಡಕ್ಟರ್ ಓಬಳೇಶಣ್ಣ. ಪಾವಗಡದ ಆಚೆಯ ಊರಿನವನು, ಅರ್ಧ ಕನ್ನಡ ಅರ್ಧ ತೆಲುಗು. ಟಿಕೆಟ್ ಹರಿಯುತ್ತಾ ಹರಿಯುತ್ತಾ ಹತ್ತುವವರಿಗೆಲ್ಲ ಸುದ್ದಿಯನ್ನೂ ಹರಿದು ಕೊಡುತ್ತಿದ್ದ. ಆದರೆ ಸುದ್ದಿ ಮಧುಗಿರಿಯಲ್ಲಿ ಇದ್ದಂತೆ ಮಿಡಿಗೇಶಿಯಲ್ಲಿ ಇರುತ್ತಿರಲಿಲ್ಲ. ಪಾವಗಡ ಮುಟ್ಟುವ ಹೊತ್ತಿಗೆ ಅದಕ್ಕೆ ಮೀಸೆ ಬಂದಿರುತ್ತಿತ್ತು.

ಆ ಮೀಸೆ ನನ್ನನ್ನೂ ಚುಚ್ಚಿದೆ. ನಾನು ಪಾವಗಡದ ರಸ್ತೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಮ್ಮ ಆಗಿದ್ದಾಗ, ಒಂದು ಸಲ ಕಾರಣಾಂತರದಿಂದ ರಾತ್ರಿ ಆ ಹಳ್ಳಿಯಲ್ಲೇ ಉಳಿದಿದ್ದೆ. ಬೆಳಿಗ್ಗೆ ಬಸ್ಸು ಬಂದು ನಿಂತಾಗ ಓಬಳೇಶಣ್ಣ ಬಾಗಿಲಿನಿಂದಲೇ ಕೂಗಿದ: "ಮೇಡಂ, ವಾನಕಿ ಸ್ಕೂಲ್ಕಿ ಲೀವಂಟ! ಮಳೆಗೆ ರಜಾ ಕೊಟ್ಟವ್ರಂತೆ, ರೇಡಿಯೋದಾಗೇ ಬಂತು!" ರೇಡಿಯೋದಲ್ಲಿ ಬಂದ ಮೇಲೆ ಕೇಳುವುದೇನಿದೆ? ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮಳೆಯಲ್ಲಿ ನೆನೆಯಬೇಡಿ, ಹಳ್ಳದ ಹತ್ತಿರ ಹೋಗಬೇಡಿ ಎಂದು ಬುದ್ಧಿ ಹೇಳಿ ಮನೆಗೆ ಕಳಿಸಿದೆ. ನೆತ್ತಿಯ ಮೇಲೆ ಪಾವಗಡದ ಬಿಸಿಲು. ಕಣ್ಣು ಹಾಯಿಸಿದಷ್ಟು ದೂರ ಮೋಡದ ಚೂರಿಲ್ಲ. ಮಕ್ಕಳು ಒಮ್ಮೆ ಆಕಾಶ ನೋಡಿದವು, ಒಮ್ಮೆ ನನ್ನನ್ನು ನೋಡಿದವು, ಮೂರನೆಯ ಸಲ ಏನನ್ನೂ ನೋಡದೆ ಓಡಿದವು. ರಜೆ ಕೊಟ್ಟಿದ್ದು ಕರಾವಳಿಯ ಶಾಲೆಗಳಿಗೆ. "ಯಾವ ಮಳೆ ಮೇಡಂ?" ಎಂದು ಇನ್ಸ್‌ಪೆಕ್ಟರ್ ಸಾಹೇಬರು ಆಮೇಲೆ ನನ್ನನ್ನು ಎದುರಿಗೆ ನಿಲ್ಲಿಸಿ ಕೇಳಿದರು. ಅಪ್ಪನಿಗೆ ಹೇಳಿದರೆ ಕೆಮ್ಮು ಬರುವಷ್ಟು ನಕ್ಕ. ಅವನಿಗೆ ಆಗಲೇ ಆ ಕೆಮ್ಮಿತ್ತು, ಬಸ್ ಸ್ಟ್ಯಾಂಡಿನ ಧೂಳಿನದು. ಮೊದಲು ಒಂದು ಸಣ್ಣದು, ತಡೆದು ಎರಡು ದೊಡ್ಡದು. ನೂರು ಜನರ ನಡುವೆ ಕೆಮ್ಮಿದರೂ ಟೈಂ ರಂಗಪ್ಪ ಎಂದು ಗೊತ್ತಾಗುತ್ತಿತ್ತು.

ಆ ನೌಕರಿ ನನಗೆ ಸಿಕ್ಕಿದ್ದೂ ಅದೇ ರೇಡಿಯೋದಿಂದ ಎಂದು ನಾನು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಆರ್ಡರು ಬಂದು, ಕೆಲಸಕ್ಕೆ ಸೇರಲು ಅವತ್ತೇ ಕಡೆಯ ದಿನ. ಬೆಳಿಗ್ಗೆ ಹತ್ತರೊಳಗೆ ಪಾವಗಡದ ಆಫೀಸಿನಲ್ಲಿರಬೇಕು. ಎರಡನೆಯ ಬಸ್ಸಿನಲ್ಲಿ ಹೋಗೋಣವೆಂದರೆ ಅದು ಅವತ್ತು ಮಿಡಿಗೇಶಿಯವರೆಗೆ ಮಾತ್ರ ಎಂದು ಹಿಂದಿನ ದಿನವೇ ಹೇಳಿದ್ದರು. ಇಂಥ ದಿನವೇ ನನ್ನ ಸೀರೆಯ ನೆರಿಗೆಗೆ ಹಟ ಬರಬೇಕೇ! ಮೂರು ಸಲ ಉಟ್ಟೆ, ಮೂರು ಸಲ ಬಿಚ್ಚಿದೆ. ಅವ್ವ ಬೈಯುತ್ತಾ ಪಿನ್ನು ಚುಚ್ಚುವಾಗ ಪಕ್ಕದ ಮನೆಯ ರೇಡಿಯೋದಲ್ಲಿ "ಮುಗಿದವು" ಎಂದಿದ್ದು ಕೇಳಿತು. ಹೋಯಿತು ಅಂದುಕೊಂಡೆ. ಆದರೂ ಕೋಟೆಬೀದಿಯಿಂದ ಬಸ್ ಸ್ಟ್ಯಾಂಡಿನವರೆಗೆ ಅಳುತ್ತಾ ಓಡಿದೆ. ನೋಡಿದರೆ ಬಸ್ಸು ನಿಂತೇ ಇದೆ! ಹಿಂದಿನ ಬಸ್ಸಿನವರು ಗೂಡಿನ ಮುಂದೆ ಕೂಗಾಡುತ್ತಿದ್ದಾರೆ. ಅಪ್ಪ ತಲೆ ಬಗ್ಗಿಸಿ ರೇಡಿಯೋದ ಬೆನ್ನು ಬಿಚ್ಚಿಕೊಂಡು ಕೂತಿದ್ದಾನೆ.

"ಸೆಲ್ ವೀಕಾಗೈತೆ ಕಣ್ರಲಾ. ವಾರ್ತೆ ಮುಗೀತೋ ಇಲ್ವೋ ನಂಗೆಂಗೆ ಗೊತ್ತಾಗ್ಬೇಕು? ವಾರ್ತೆ ಮುಗೀದಂಗೆ ನಾನು ಬಸ್ ಬುಡಾಕಿಲ್ಲ" ಎನ್ನುತ್ತಿದ್ದ. ನನ್ನನ್ನು ಕಂಡವನೇ ಬೆನ್ನಿನ ಮುಚ್ಚಳ ಹಾಕಿ ಸೀಟಿ ಊದಿದ. "ರೈಟ್. ಹೋಗ್ಲಿ."

ಬಸ್ಸಿನಲ್ಲಿ ಉಸಿರು ಸುಧಾರಿಸಿಕೊಂಡ ಮೇಲೆ ನಾನು ಓಬಳೇಶಣ್ಣನ ಹತ್ತಿರ ಅಪ್ಪನನ್ನೇ ದೂರಿದೆ. ಎರಡು ಸೆಲ್ಲು ಹಾಕಿಸುವುದಕ್ಕೂ ಜಿಪುಣತನ ಮಾಡುತ್ತಾನೆ, ನನ್ನ ಅದೃಷ್ಟ ಚೆನ್ನಾಗಿತ್ತು ಎಂದೆ. ಓಬಳೇಶಣ್ಣ ಕಿಟಕಿಯ ಆಚೆ ನೋಡುತ್ತಾ, "ಅವುನಮ್ಮಾ, ಅದೃಷ್ಟಮೇ" ಎಂದ.

ಅಪ್ಪ ರಿಟೈರಾದಾಗ ಅವನ ಜೊತೆ ಮನೆಗೆ ಬಂದಿದ್ದು ಆ ರೇಡಿಯೋ ಒಂದೇ. ನಾನೂ ಅಷ್ಟು ಹೊತ್ತಿಗೆ ವರ್ಗವಾಗಿ ಮಧುಗಿರಿಗೆ ಬಂದಿದ್ದೆ. ಅಪ್ಪ, ಅವ್ವ, ನಾವು ಎಲ್ಲ ಒಂದೇ ಮನೆಯಲ್ಲಿ. ಬಸ್ ಸ್ಟ್ಯಾಂಡು ಇಲ್ಲದಿದ್ದರೂ ಬಸ್ಸು ಬಿಡುವುದನ್ನು ಅಪ್ಪ ಬಿಡಲಿಲ್ಲ. ಏಳು ಐದಕ್ಕೆ ಪಡಸಾಲೆಯ ಕುರ್ಚಿಯಲ್ಲಿ ಕೂತು ರೇಡಿಯೋದ ಕಿವಿ ಹಿಂಡುತ್ತಿದ್ದ. ವಾರ್ತೆ ಮುಗಿದರೆ ಗೋಡೆಯ ಕಡೆ ನೋಡಿ "ರೈಟ್. ಹೋಗ್ಲಿ" ಎನ್ನುತ್ತಿದ್ದ. ಅದಾದ ಮೇಲೆಯೇ ತಿಂಡಿ, ಆಮೇಲೆ ಮಾತ್ರೆ. "ಹೋಯ್ತೇನು ನಿಮ್ಮ ಪಾವಗಡದ ಬಸ್ಸು? ಏಳ್ರಿ ಇನ್ನ" ಎಂದು ಅವ್ವ ಕರೆಯುತ್ತಿದ್ದಳು. ಅವ್ವ ಹೋದ ಮೇಲೆ ಆ ಮಾತನ್ನು ನಾನು ಹೇಳಬೇಕಿತ್ತೇನೋ. ನಾಚಿಕೆಯಾಗಿ ಹೇಳಲಿಲ್ಲ, ತಟ್ಟೆ ಹಾಕಿ ಸದ್ದು ಮಾಡುತ್ತಿದ್ದೆ.

ಟೀವಿಯಲ್ಲಿ ಇಪ್ಪತ್ನಾಲ್ಕು ಗಂಟೆಯೂ ಸುದ್ದಿ ಬರತೊಡಗಿದಾಗ ಅಪ್ಪನನ್ನು ಅದರ ಮುಂದೆ ಕೂರಿಸಿ ನೋಡಿದೆವು. ಹತ್ತು ಜನ ಒಟ್ಟಿಗೆ ಕೂಗಾಡುವುದನ್ನು ಸ್ವಲ್ಪ ಹೊತ್ತು ಗಂಭೀರವಾಗಿ ನೋಡಿ, "ದಿನವೆಲ್ಲಾ ವಾರ್ತೆ ಹೇಳ್ತಾನೇ ಇದ್ರೆ ಬಸ್ ಬುಡಾದು ಯಾವಾಗಮ್ಮ?" ಎಂದು ಎದ್ದುಹೋದ. ದೂರದ ದೇಶಗಳಲ್ಲಿ ಹಗಲೂ ರಾತ್ರಿ ಬರೀ ವಾರ್ತೆಯನ್ನೇ ಹೇಳುತ್ತಿದ್ದ ರೇಡಿಯೋ ಕೇಂದ್ರಗಳಿದ್ದವಂತೆ, ಅವೂ ಒಂದೊಂದಾಗಿ ಬಾಗಿಲು ಹಾಕುತ್ತಿವೆಯಂತೆ ಎಂದು ನಮ್ಮನೆಯವರು ಪೇಪರಿನಲ್ಲಿ ಓದಿ ಹೇಳಿದರು. ಅಲ್ಲಿಯೂ ಯಾವುದೋ ಊರಿನ ಟೈಂ ಕೀಪರನೊಬ್ಬ ಕಿವಿ ಹಿಂಡುತ್ತಾ ಕೂತಿರಬಹುದು ಎಂದು ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದು ಆ ಸರದಿ ನಮ್ಮ ಪಡಸಾಲೆಗೆ ಬಂದಾಗ.

ಹೋದ ವರ್ಷ ಬೇಸಿಗೆಯಲ್ಲಿ ವಾರ್ತೆಯ ದನಿ ತೆಳ್ಳಗಾಗುತ್ತಾ ಬಂತು. ಒಂದು ದಿನ ಬಂದರೆ ಎರಡು ದಿನ ಬರೀ "ಶ್" ಎನ್ನುತ್ತಿತ್ತು. ಮಾಳಿಗೆಯ ಮೇಲೆ ಇಟ್ಟೆವು, ಕಿಟಕಿಯಲ್ಲಿ ಇಟ್ಟೆವು, ತಂತಿ ಕಟ್ಟಿ ನುಗ್ಗೆಮರಕ್ಕೆ ಏರಿಸಿದೆವು. ಸಿದ್ದರಬೆಟ್ಟದ ತುದಿಗೆ ಹೋದರೆ ಬಂದರೂ ಬಂದೀತು ಎಂದು ನಮ್ಮನೆಯವರು ತಮಾಷೆ ಮಾಡಿದರೆ ಅಪ್ಪ ಚಪ್ಪಲಿ ಹುಡುಕತೊಡಗಿದ. ಕೊನೆಗೆ ಶಿರಾದಲ್ಲಿ ರೇಡಿಯೋ ರಿಪೇರಿಯ ಖಾದರ್ ಸಾಬರು ಇನ್ನೂ ಅಂಗಡಿ ಇಟ್ಟಿದ್ದಾರೆಂದು ಗೊತ್ತಾಯಿತು. ಅವರ ಅಂಗಡಿಯಲ್ಲಿ ಅದು ಸರಿಯಾಗಿ ಹಾಡಿಬಿಟ್ಟರೆ ನನ್ನ ಮಾತಿಗೆ ಸಾಕ್ಷಿ ಬೇಕಲ್ಲ ಎಂದು, ಶಿರಾಕ್ಕೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ರೇಡಿಯೋದ ಮುಂದೆ ಫೋನಿಟ್ಟು ಆ "ಶ್" ಶಬ್ದವನ್ನು ರೆಕಾರ್ಡ್ ಮಾಡಲು ಕೂತೆ. ಹಲ್ಲುನೋವು ಡಾಕ್ಟರ ಬಾಗಿಲಲ್ಲಿ ನಿಂತುಹೋಗುತ್ತದಲ್ಲ, ಹಾಗೆ ಅವತ್ತು ವಾರ್ತೆ ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಬಂತು. ನಡುವೆ ಅಪ್ಪನ ಕೆಮ್ಮು ಒಂದು ಬಿಟ್ಟರೆ ಹತ್ತು ನಿಮಿಷವೂ ಚೊಕ್ಕ. ನನಗೆ ಸಿಟ್ಟು ಬಂತು, ಅಪ್ಪ ಮಾತ್ರ ಹಬ್ಬ ಮಾಡಿದ.

ಖಾದರ್ ಸಾಬರು ರೇಡಿಯೋ ಬಿಚ್ಚಿ, ಬ್ರಷ್ಷಿನಿಂದ ಧೂಳು ಹೊಡೆದು, ಅಲ್ಲಿ ಇಲ್ಲಿ ಮುಟ್ಟಿ ನೋಡಿ ಮತ್ತೆ ಮುಚ್ಚಿದರು. ಈಗ ಅವರ ಅಂಗಡಿಯ ತುಂಬ ಫೋನಿನ ಗಾಜು, ಫೋನಿನ ಕವರು. ಹಿಂದಿನ ಹಲಗೆಯ ಮೇಲೆ ಮಾತ್ರ ಏಳೆಂಟು ಹಳೆಯ ರೇಡಿಯೋಗಳು ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಹೆಸರಿನ ಚೀಟಿ.

"ಇದ್ರಾಗೆ ಖರಾಬಿ ಏನೂ ಇಲ್ಲಮ್ಮಾ" ಎಂದರು. "ಬರೋ ಆವಾಜೇ ಬಂದ್ ಆಗ್ತಾ ಐತೆ. ಆ ಲೈನಿನ ಸ್ಟೇಷನ್ನುಗಳನ್ನ ನಿಲ್ಲಿಸ್ತಾವ್ರಂತೆ. ಇದಕ್ಕೆ ಕಿವಿ ಸರಿಯಾಗೇ ಐತೆ, ಮಾತಾಡೋರೇ ಇಲ್ಲ ಅಂದ್ರೆ ನಾನೇನು ರಿಪೇರಿ ಮಾಡ್ಲಿ, ಹೇಳಿ."

"ಅವೆಲ್ಲ ಯಾರದು ಸಾಬ್ರೇ?" ಎಂದೆ, ಹಲಗೆಯ ಕಡೆ ತೋರಿಸಿ.

"ರಿಪೇರಿ ಆಗಿರೋವು. ತಗೊಂಡೋಗಾಕೆ ಯಾರೂ ಬರಲ್ಲಮ್ಮಾ. ಎಸೆಯಾಕೆ ನಂಗೆ ದಿಲ್ ಬರಲ್ಲ." ನನಗೆ ಚಹಾ ತರಿಸಿಕೊಟ್ಟು, ಅಪ್ಪನ ರೇಡಿಯೋವನ್ನು ತಮ್ಮ ಕರವಸ್ತ್ರದಿಂದ ಇನ್ನೊಮ್ಮೆ ಒರೆಸಿ ಕೈಗೆ ಕೊಟ್ಟರು.

ಆಷಾಢದಲ್ಲಿ ಒಂದು ಬೆಳಿಗ್ಗೆಯಿಂದ ವಾರ್ತೆ ಪೂರಾ ನಿಂತಿತು. ಅಪ್ಪ ಕಿವಿ ಹಿಂಡಿದ, ಮುಳ್ಳು ಈ ತುದಿಯಿಂದ ಆ ತುದಿಗೆ ತಿರುಗಿಸಿದ. ಏಳೂಕಾಲಾಯಿತು, ಏಳೂವರೆಯಾಯಿತು. "ತಿಂಡಿಗೆ ಬಾಪ್ಪಾ" ಎಂದರೆ, "ಬಸ್ ನಿಂತೈತೆ ಕಣಮ್ಮ" ಎಂದ. ಹತ್ತೂವರೆಗೆ ನಮ್ಮನೆಯವರು ಬಲವಂತ ಮಾಡಿ ಅರ್ಧ ರೊಟ್ಟಿ ತಿನ್ನಿಸಿದರು. ಮಾತ್ರೆ ತಪ್ಪಿತು. ಮಾರನೆಯ ದಿನವೂ ಹಾಗೆಯೇ. ಆಗೀಗ ಮರೆವು ಅವನಿಗೆ ಮೊದಲೇ ಇತ್ತು, ನನ್ನನ್ನು ಅವ್ವನ ಹೆಸರಿನಿಂದ ಕರೆದುಬಿಡುತ್ತಿದ್ದ. ಈಗ ಹಗಲು ಯಾವುದು ಸಂಜೆ ಯಾವುದು ಎಂಬುದೇ ತಪ್ಪತೊಡಗಿತು. ಮಧ್ಯಾಹ್ನ ಎರಡಕ್ಕೆ ಹಲ್ಲುಜ್ಜುವ ಪುಡಿ ಕೇಳುತ್ತಿದ್ದ. ತಿಂಡಿ, ಮಾತ್ರೆ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಕಷ್ಟ ಎಂದು ಡಾಕ್ಟರು ಬೆರಳು ತೋರಿಸಿ ಹೇಳಿದರು. ಎಂಟು ದಿನದಲ್ಲಿ ಅಪ್ಪನ ಅಂಗಿ ಅಪ್ಪನಿಗೆ ದೊಡ್ಡದಾಯಿತು. ನನಗೆ ಜೀವ ಹೋದ ಹಾಗಾಯಿತು.

ಫೋನಿನಲ್ಲಿಯೂ ರೇಡಿಯೋ ಬರುತ್ತದೆಂದು ಯಾರೋ ಹೇಳಿದರು. ಹಾಕಿದೆ. ಅಪ್ಪನ ಮುಖ ಅರಳಿತು. ಎರಡೇ ನಿಮಿಷ. ಕೈಯ ವಾಚು ನೋಡಿಕೊಂಡು, "ಇದು ಲೇಟು ಕಣಮ್ಮ" ಎಂದ. ನನಗೆ ನಂಬಿಕೆ ಬರಲಿಲ್ಲ. ಗಮನಿಸಿದರೆ ಹೌದು, ಇಂಟರ್‌ನೆಟ್ಟಿನ ಮೂಲಕ ಬರುವ ವಾರ್ತೆ ಅರ್ಧ ನಿಮಿಷ ಹಿಂದೆಯೇ ಇರುತ್ತದೆ. ಒಂದು ದಿನ ಅರ್ಧ ನಿಮಿಷ, ಇನ್ನೊಂದು ದಿನ ಒಂದೂವರೆ. ಚಕ್ರ ಸುತ್ತತೊಡಗಿದರೆ ಓದುವವರು ವಾಕ್ಯದ ನಡುವೆ ಬಾಯಿ ತೆರೆದುಕೊಂಡು ನಿಂತುಬಿಡುತ್ತಾರೆ. ಅಪ್ಪನ ವಾಚನ್ನು ಒಂದು ನಿಮಿಷ ಹಿಂದಿಡೋಣವೆಂದರೆ ಅವನು ಅದನ್ನು ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. "ಲೇಟಾದ ವಾರ್ತೆ ಇಟ್ಕೊಂಡು ಬಸ್ ಬುಟ್ರೆ ಹಿಂದ್ಲೋನು ಸುಮ್ಕಿರ್ತಾನಾ?" ಎಂದು ಕೇಳಿದ. ಹಿಂದಿನವನು ಸತ್ತು ಎಷ್ಟೋ ವರ್ಷವಾಗಿತ್ತು.

ಆಗ ನನಗೆ ಆ ಫೈಲು ನೆನಪಾಯಿತು. ಸಾಕ್ಷಿಗೆಂದು ಹಿಡಿದಿಟ್ಟ ಹತ್ತು ನಿಮಿಷ.

ಮಾರನೆಯ ಬೆಳಿಗ್ಗೆ ಫೋನನ್ನು ರೇಡಿಯೋದ ಹಿಂದೆ, ಕಸೂತಿ ಬಟ್ಟೆಯ ಕೆಳಗೆ ಅಡಗಿಸಿಟ್ಟೆ. ಅಪ್ಪ ಕಿವಿ ಹಿಂಡಿದ, "ಶ್" ಶುರುವಾಯಿತು. ಗೋಡೆಯ ಗಡಿಯಾರ ನೋಡಿ ಸರಿಯಾಗಿ ಏಳು ಐದಕ್ಕೆ, ಧೂಳು ಒರೆಸುವವಳ ಹಾಗೆ ಬಗ್ಗಿ ಗುಂಡಿ ಒತ್ತಿದೆ. ವಾರ್ತೆ ಬಂತು. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತ. ಏಳು ಹದಿನೈದಕ್ಕೆ "ಮುಗಿದವು" ಎಂದ ಕೂಡಲೇ ನಾನು ಬಗ್ಗಿ ನಿಲ್ಲಿಸಿದೆ. ಅಪ್ಪ ವಾಚು ನೋಡಿಕೊಂಡ.

"ರೈಟ್. ಹೋಗ್ಲಿ."

ತಿಂಡಿ ತಿಂದ. ಮಾತ್ರೆ ನುಂಗಿದ. ನಾನು ಹಿತ್ತಲಿಗೆ ಹೋಗಿ ಅತ್ತೆ.

ಅವತ್ತಿನಿಂದ ಅದೇ ವಾರ್ತೆ, ದಿನವೂ. ಅದೇ ಸಂಪುಟ ಸಭೆ, ಅದೇ ಬಸ್ ಅಪಘಾತದಲ್ಲಿ ಅದೇ ಮೂವರಿಗೆ ಗಾಯ, ಅದೇ ಜಿಲ್ಲೆಯಲ್ಲಿ ಬಿತ್ತನೆ ಬೀಜದ ಕೊರತೆ. ಕೊನೆಯಲ್ಲಿ, "ಮುಂಗಾರು ಇನ್ನೆರಡು ದಿನಗಳಲ್ಲಿ ಒಳನಾಡನ್ನು ಪ್ರವೇಶಿಸುವ ಸಾಧ್ಯತೆಯಿದೆ." ಶ್ರಾವಣ ಹೋಯಿತು, ದೀಪಾವಳಿ ಹೋಯಿತು, ಅಪ್ಪ ಸ್ವೆಟರ್ ಹಾಕಿಕೊಂಡು ಮಫ್ಲರ್ ಸುತ್ತಿಕೊಂಡು ಕೂತರೂ ರೇಡಿಯೋದಲ್ಲಿ ಮುಂಗಾರು ಇನ್ನೆರಡು ದಿನದಲ್ಲಿ ಬರುತ್ತಲೇ ಇತ್ತು. ಆ ಜಾಗ ಬಂದಾಗ ನಾನು ಅಡುಗೆಮನೆಯಲ್ಲಿ ಪಾತ್ರೆ ಬೀಳಿಸುತ್ತಿದ್ದೆ. ಅದಕ್ಕೆ ಸ್ವಲ್ಪ ಮುಂಚೆ ಬರುವ ಕೆಮ್ಮಿಗೂ ಒಂದು ತಟ್ಟೆ. ವಾರ್ತೆ ಓದುವವರೂ ಮನುಷ್ಯರೇ, ಅವರಿಗೂ ಕೆಮ್ಮು ಬರಬಾರದೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಮ್ಮನೆಯ ಸ್ಟೀಲಿನ ತಟ್ಟೆಗಳಿಗೆಲ್ಲ ಅಂಚು ಸೊಟ್ಟಗಾಗಿರುವುದು ಹೀಗೆ. ಸುಳ್ಳು ಹೇಳಬೇಡಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಮರೆವಿನ ಮುದುಕನಿಗೆ ದಿನವೂ ಬೆಳಿಗ್ಗೆ ಹತ್ತು ನಿಮಿಷ ಸುಳ್ಳು ಕೇಳಿಸುತ್ತಿದ್ದೆ. ಅವನು 'ರೈಟ್' ಎಂದಾಗಲೆಲ್ಲ ನನಗೆ ಸಂತೋಷವಾಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

ಸಂಕ್ರಾಂತಿಗೆ ಹತ್ತು ದಿನವಿರುವಾಗ, ಒಂದು ಶುಕ್ರವಾರ ಬೆಳಿಗ್ಗೆ, ಬಾಗಿಲಲ್ಲಿ ಯಾರೋ "ಟೈಂ ಅನ್ನಾ" ಎಂದರು. ಓಬಳೇಶಣ್ಣ! ತಲೆ ಪೂರಾ ಬಿಳಿ, ಕೈಯಲ್ಲಿ ಕೋಲು. ಮಗಳ ಮನೆ ಬಡವನಹಳ್ಳಿಯಲ್ಲಂತೆ, ಹಿಂದಿನ ದಿನವೇ ಅಲ್ಲಿಗೆ ಬಂದಿದ್ದನಂತೆ, ಗೊರವನಹಳ್ಳಿ ಲಕ್ಷ್ಮಿಯ ದರ್ಶನಕ್ಕೆ ಹೋಗುವ ದಾರಿಯಲ್ಲಿ ಅಣ್ಣನನ್ನು ನೋಡೋಣವೆಂದು ಇಳಿದನಂತೆ. ಆಗಲೇ ಏಳು ನಾಲ್ಕು. ಅಪ್ಪ ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, "ಕೂತ್ಕಳ್ಲಾ, ವಾರ್ತೆ ಬತ್ತದೆ" ಎಂದು ಕಿವಿ ಹಿಂಡಿದ. ನಾನೇನು ಮಾಡಲಿ? ಬಗ್ಗಿ ಗುಂಡಿ ಒತ್ತಿ, ಕಾಫಿಗೆ ಹಾಲಿಡಲು ಒಳಗೆ ಹೋದೆ. ಪಾತ್ರೆ ಬೀಳಿಸುವ ಜಾಗ ಬಂತು. ಕೈಯಲ್ಲಿ ಬಿಸಿ ಕಾಫಿಯ ಲೋಟಗಳಿದ್ದವು. ಬಾಗಿಲ ಸಂದಿಯಲ್ಲಿ ನಿಂತುಬಿಟ್ಟೆ.

"ಇದೇಮನ್ನಾ!" ಎಂದ ಓಬಳೇಶಣ್ಣ. "ಸಂಕ್ರಾಂತಿ ಬಂತು, ಇದ್ರಾಗೆ ಮುಂಗಾರು ಬತ್ತೈತಂತೆ? ಇದು ಹಳೇದು ಕದಾ..."

"ಮೆಲ್ಲಗೆ ಮಾತಾಡ್ಲಾ" ಎಂದ ಅಪ್ಪ. ದನಿಯಲ್ಲಿ ಮರೆವಿನ ಸುಳಿವೇ ಇರಲಿಲ್ಲ. "ನಂಗೊತ್ತಿಲ್ವಾ? ಐದು ತಿಂಗ್ಳಿಂದ ಇದೇ ವಾರ್ತೆ. ಇದ್ರೊಳಗೆ ಕೆಮ್ತಾ ಇರೋನು ನಾನೇ ಕಣ್ಲಾ. ರೇಡಿಯೋದೋರು ನನ್ ಕೆಮ್ಮು ಯಾಕ್ ಹಾಕ್ತಾರೆ?"

"ಮತ್ತೆ ನೀನ್ಯಾಕೆ ಸುಮ್ಕೆ ಕೂತು ಕೇಳ್ತೀಯ?"

"ನಾನು ರೈಟ್ ಅನ್ನಗಂಟ ನನ್ ಮಗ್ಳು ಬಾಯಿಗೆ ನೀರು ಬುಟ್ಕಳಲ್ಲ. ನಾನು ತಿಂದ್ರೇನೆ ಅವ್ಳು ತಿನ್ನಾದು. ಆ ಎಂಟು ದಿನ ನೋಡಿದ್ನಲ್ಲ, ಎಂಗಾಗೋಗಿದ್ಲು ಅಂತೀಯ. ಅವ್ಳೇ ಕಷ್ಟಬಿದ್ದು ಏನೋ ಮಾಡವ್ಳೆ. ಗೊತ್ತೈತೆ ಅಂದ್ರೆ ನಾಚ್ಕೊಂಬುಡ್ತಾಳೆ. ಲೇ ಓಬಳೇಸ, ಅವತ್ತು ನಾನು ಸೆಲ್ ವೀಕಾಗೈತೆ ಅಂದಾಗ ನೀನು ಸುಮ್ಕಿರ್ಲಿಲ್ವಾ? ಅಂಗೇ ಇವತ್ತೂ ಸುಮ್ಕಿರು."

ಓಬಳೇಶಣ್ಣ ಕೋಲನ್ನು ಗೋಡೆಗೆ ಒರಗಿಸಿ, "ಆ ಸೆಲ್ ಹಿಂದಿನ ದಿನ ನಾನೇ ತಂದ್ಕೊಟ್ಟಿದ್ದೆ ಕದನ್ನಾ" ಎಂದ. ಇಬ್ಬರೂ ನಕ್ಕರು. ರೇಡಿಯೋದ ಹಿಂದೆ ಮುಖ್ಯಾಂಶಗಳನ್ನು ಮತ್ತೊಮ್ಮೆ ಓದುತ್ತಿದ್ದರು.

ನಾನು ಲೋಟ ಹಿಡಿದುಕೊಂಡೇ ಅಡುಗೆಮನೆಗೆ ಹಿಂದೆ ಸರಿದೆ. "ಮುಗಿದವು" ಎಂದಾಗ ಮಾತ್ರ ಬಂದು, ಮುಖ ತೋರಿಸದೆ ಬಗ್ಗಿ ನಿಲ್ಲಿಸಿ ಮತ್ತೆ ಒಳಗೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ವರ್ಷ ರೇಡಿಯೋದ ಮಾತಿಗೆ ತಪ್ಪದ ಮನುಷ್ಯ, ಒಂದೇ ಒಂದು ದಿನ ಅದರ ಬೆನ್ನು ಬಿಚ್ಚಿ ಸುಳ್ಳು ಹೇಳಿದ್ದ. ಅದು ನನ್ನ ಸೀರೆಯ ನೆರಿಗೆಗಾಗಿ. ನಾನು ಆ ಬಸ್ಸಿನಲ್ಲಿ ಕೂತು ಅವನನ್ನು ಜಿಪುಣ ಎಂದಿದ್ದೆ. ಕಾಫಿ ತಣ್ಣಗಾಯಿತು, ಮತ್ತೆ ಬಿಸಿ ಮಾಡಿ ತಂದುಕೊಟ್ಟೆ. ನನ್ನ ಕಣ್ಣು ನೋಡಿ ಅಪ್ಪ, "ಈರುಳ್ಳಿ ಹೆಚ್ತಿದ್ಯಾ?" ಎಂದು ಕೇಳಿದ. ಹೌದು ಎಂದೆ.

ಮಾರನೆಯ ಬೆಳಿಗ್ಗೆ ನನ್ನ ಬೆರಳು ಓಡಲಿಲ್ಲ. ಏಳು ಐದಾಯಿತು. ರೇಡಿಯೋ ಬರೀ "ಶ್" ಎನ್ನುತ್ತಿತ್ತು. ಎಲ್ಲ ಹೇಳಿಬಿಡಲೇ ಎಂದುಕೊಂಡೆ. ಅಪ್ಪ ಗೋಡೆಯ ಕಡೆ ನೋಡುತ್ತಲೇ, ಅವ್ವನದಲ್ಲ, ನನ್ನದೇ ಹೆಸರು ಹಿಡಿದು, "ಯಾಕಮ್ಮ ಸರೋಜಿ, ಧೂಳು ಒರ್ಸಲ್ವಾ? ಪಾವಗಡದೋರು ಕಾಯ್ತಾವ್ರೆ" ಎಂದ. ನಾನು ಬಗ್ಗಿ ಒರೆಸಿದೆ. ಹಾಗೆಯೇ ಮುಂದುವರಿಯಿತು, ಇಬ್ಬರಿಗೂ ಗೊತ್ತಿದ್ದು ಇಬ್ಬರೂ ಆಡದೆ. ನಾನು ಪಾತ್ರೆ ಬೀಳಿಸುವುದನ್ನು ಮಾತ್ರ ನಿಲ್ಲಿಸಿದೆ. ಅವನೂ ಯಾಕೆ ನಿಲ್ಲಿಸಿದೆ ಎಂದು ಕೇಳಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಸುಖವಾದ ಬೆಳಗುಗಳು ಬೇರೆ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಶಿವರಾತ್ರಿ ಕಳೆದ ಮೂರನೆಯ ದಿನ. ಅಪ್ಪನೇ ಕಿವಿ ಹಿಂಡಿದ. ನಾನು ಒತ್ತಿ ಒಳಗೆ ಹೋದೆ. ಸಂಪುಟ ಸಭೆ ನಡೆಯಿತು, ಮೂವರಿಗೆ ಗಾಯವಾಯಿತು, ಕೆಮ್ಮು ಬಂತು, ಮುಂಗಾರು ಇನ್ನೆರಡು ದಿನ ಎಂದಿತು. "ಮುಗಿದವು." ಬಂದು ನಿಲ್ಲಿಸಿದೆ. ತಟ್ಟೆ ಹಿಡಿದು ಕಾದೆ. ರೈಟ್ ಬರಲಿಲ್ಲ.

"ಹೋಯ್ತಾ ಅಪ್ಪಾ ಬಸ್ಸು?" ಎಂದೆ. ಅವ್ವ ಹೋದ ಮೇಲೆ ಆ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.

ಅಪ್ಪ ಗೋಡೆಯ ಕಡೆಗೇ ನೋಡುತ್ತಿದ್ದ. ಯಾವ ಸುದ್ದಿಯ ಹೊತ್ತಿಗೆ ಹೋದನೋ ನನಗೆ ಗೊತ್ತಿಲ್ಲ.

ಆ ಮೇಲೆ ನಮ್ಮ ಮನೆಯ ಬೆಳಗು ದಿಕ್ಕು ತಪ್ಪಿತು. ತಿಂಡಿ ಹತ್ತಕ್ಕೂ ಆಗುತ್ತದೆ, ಹನ್ನೊಂದಕ್ಕೂ ಆಗುತ್ತದೆ. ಕೆಲವು ದಿನ ಮಾಡುತ್ತೇನೆ, ತಿನ್ನುವುದು ಮರೆತುಹೋಗುತ್ತದೆ. ನಮ್ಮನೆಯವರು ಬೈದು ಬೈದು ಸುಮ್ಮನಾದರು.

ಮೊನ್ನೆ ಫೋನು ಕಿತ್ತುಕೊಂಡೆನಲ್ಲ, ಆಗಿನಿಂದ ಆ ಫೈಲು ತಲೆಯಲ್ಲಿ ಕೂತಿತ್ತು. ಇವತ್ತು ಬೆಳಿಗ್ಗೆ ಮಧುಗಿರಿ ಬೆಟ್ಟದ ನೆತ್ತಿ ಕಾಣದ ಹಾಗೆ ಮೋಡ ಕವಿದಿತ್ತು. ಏಳು ಐದಕ್ಕೆ ಸರಿಯಾಗಿ, ಅಪ್ಪನ ಕುರ್ಚಿಯ ಎದುರು ಕೂತು, ಫೋನನ್ನು ಅಡಗಿಸದೆ ತೊಡೆಯ ಮೇಲಿಟ್ಟುಕೊಂಡು ಹಾಕಿದೆ. ಕೆಮ್ಮು ಬಂತು: ಒಂದು ಸಣ್ಣದು, ಎರಡು ದೊಡ್ಡದು. ಮುಂಗಾರು ಇನ್ನೆರಡು ದಿನದಲ್ಲಿ ಬರುತ್ತದೆ ಎಂದರು. ಒಂದು ವರ್ಷ ಸುತ್ತಿ ಬಂದು ವಾರ್ತೆ ಮತ್ತೆ ನಿಜವಾಗಿತ್ತು. ಮುಖ್ಯಾಂಶಗಳನ್ನು ಮತ್ತೊಮ್ಮೆ ಓದಿದರು. "ಇಲ್ಲಿಗೆ ವಾರ್ತೆಗಳು ಮುಗಿದವು" ಎಂದಾಗ ಬೆರಳು ಅಭ್ಯಾಸಬಲದಿಂದ ನಿಲ್ಲಿಸಲು ಹೋಯಿತು. ಅಷ್ಟು ದಿನವೂ ಅಲ್ಲಿಯೇ ನಿಲ್ಲಿಸಿದ್ದೆ. ಅದರ ಮುಂದೆ ಇನ್ನೂ ಕೆಲವು ಸೆಕೆಂಡು ಉಳಿದಿದ್ದವು. ಅವನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಬೆರಳು ಹಿಂದಕ್ಕೆ ತೆಗೆದೆ.

ಮೊದಲು ನಮ್ಮದೇ ಕುಕ್ಕರಿನ ಕೂಗು. ಆಮೇಲೆ ಸಿಡುಕಿನ ನನ್ನದೇ ದನಿ, "ಅಪ್ಪಾ, ಒಂದು ನಿಮಿಷ ಮಾತಾಡಬೇಡ, ರೆಕಾರ್ಡ್ ಆಗ್ತಿದೆ."

ಅವನು ಯಾವತ್ತು ನನ್ನ ಮಾತು ಕೇಳಿದ್ದ?

"ರೈಟ್. ಹೋಗ್ಲಿ."

ಗಡಿಯಾರ ನೋಡಿದೆ. ಏಳು ಹದಿನೈದು. ಎದ್ದು ಒಳಗೆ ಹೋಗಿ ಸೊಟ್ಟ ಅಂಚಿನ ಒಂದು ತಟ್ಟೆ ತೆಗೆದುಕೊಂಡು ತಿಂಡಿಗೆ ಕೂತೆ.